ಅಂತರಿಕ್ಷ ಉಡುಪಿನ ಒಳಮಡಿಕೆ

2025ರ ಮಾರ್ಚ್ 9, ಭಾನುವಾರ, ಬೆಳಿಗ್ಗೆ 5 ಗಂಟೆ 40 ನಿಮಿಷ. ಊಟದ ಮೇಜಿನ ಮೇಲೆ ಅಂತರಿಕ್ಷ ಉಡುಪೊಂದು ಅಂಗಾತ ಮಲಗಿದೆ. ಅದರ ಬಲಗಾಲಿನ ಅಂಚನ್ನು ಬ್ಲೇಡಿನ ತುದಿಯಿಂದ ಬಿಚ್ಚುತ್ತಿರುವವರು ಶಾಲಾ ಸಮವಸ್ತ್ರ ಹೊಲಿಯುವ ಟೈಲರ್. ಪಕ್ಕದಲ್ಲಿ ಅವರ ಅಣ್ಣನ ಮಗ, ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ, ತಲೆಯ ಮೇಲೆ ಕೈ ಹೊತ್ತು ಕೂತಿದ್ದಾನೆ. ಅವನ ವೈಜ್ಞಾನಿಕ ಕಲ್ಪನೆಯ ಕಿರುಚಿತ್ರಕ್ಕೆ ಕೊನೆಯ ದೃಶ್ಯವೊಂದೇ ಬಾಕಿ. ಕಾಲೇಜಿನ ವರ್ಕ್‌ಶಾಪಿನಲ್ಲಿ ರಟ್ಟು, ತಗಡು ಸೇರಿಸಿ ಕಟ್ಟಿದ ನೌಕೆಯನ್ನು ಇಂದು ಸಂಜೆಯೊಳಗೆ ಕಳಚಿ ಜಾಗ ಖಾಲಿ ಮಾಡಬೇಕು. ಉಡುಪೋ, ನಾಯಕಿಗೆ ಗಿಡ್ಡವಾಗಿದೆ.

ನಾಯಕಿ ಎಂದರೆ ಅವನ ತಂಗಿ, ಹನ್ನೆರಡು ವರ್ಷದ ‘ಗುಬ್ಬಿ’. ರಜೆ ಸಿಕ್ಕಾಗಲಷ್ಟೇ ನಡೆದ ಚಿತ್ರೀಕರಣ ಹದಿನಾಲ್ಕು ತಿಂಗಳು ಎಳೆದಿದೆ; ಅಷ್ಟರಲ್ಲಿ ಅವಳು ಏಳು ಸೆಂಟಿಮೀಟರ್ ಎತ್ತರವಾಗಿದ್ದಾಳೆ. ಕಥೆಯಲ್ಲಿ ಮಾತ್ರ ಅವಳು ಬೆಳೆಯುವಂತಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಹೆಪ್ಪುಗಟ್ಟಿ ಮಲಗಿ, ಮಲಗಿದಂತೆಯೇ ಏಳಬೇಕು. ಇಂದು ತೆಗೆಯಬೇಕಾದದ್ದು ಆ ದೃಶ್ಯವೇ.

“ಅಣ್ಣಾ, ನಾನೇನು ಬೇಕಂತ ಬೆಳೆದ್ನಾ?”

“ಸ್ವಲ್ಪ ಮಂಡಿ ಬಗ್ಗಿಸಿ ನಡೀಬಹುದಾ ನೋಡೇ.”

“ಬಾತುಕೋಳಿ ಥರಾನಾ?”

ಲ್ಯಾಪ್‌ಟಾಪಿನಲ್ಲಿ ಮತ್ತೆ ಮತ್ತೆ ನೋಡಿದ ಅಂತರಿಕ್ಷದ ಚಿತ್ರಗಳೇ ಅವನ ಪಾಠಶಾಲೆ. ಮಿನುಗುವ ಕೆಂಪು ದೀಪ, ಕೌಂಟ್‌ಡೌನ್, ಮೈಗಂಟಿದ ಉಡುಪು, ಹೆಪ್ಪುನಿದ್ದೆ: ಇವಿಲ್ಲದೆ ಇಂಥ ಚಿತ್ರವೇ ಇಲ್ಲ ಎಂದು ಅವನು ನಂಬಿದ್ದಾನೆ. ಟೈಲರ್ ಅತ್ತೆಯ ಪಾಠಶಾಲೆ ಬೇರೆ. ಗಂಡ ಹಾಸಿಗೆ ಹಿಡಿದ ವರ್ಷ ಹಳೆಯ ಯಂತ್ರವೊಂದನ್ನು ತಂದು ಕೂತವರು ಇಪ್ಪತ್ತಾರು ವರ್ಷಗಳಿಂದ ಮಕ್ಕಳ ಬಟ್ಟೆಯನ್ನೇ ಹೊಲಿಯುತ್ತಿದ್ದಾರೆ. ಶಾಲೆ ಶುರುವಾಗುವ ಹೊತ್ತಿಗೆ ದಿನಕ್ಕೆ ಹನ್ನೆರಡು ಪ್ಯಾಂಟು. ಸೊಂಟ ನೆಟ್ಟಗಾಗುವುದು ಮಲಗಿದಾಗಲೇ. ಅಂತರಿಕ್ಷ ಉಡುಪಿಗೂ ಉಳಿದಿದ್ದ ಕಡುನೀಲಿ ಸಮವಸ್ತ್ರದ ಬಟ್ಟೆಯನ್ನೇ ಬಳಸಿ, ಮಕ್ಕಳು ಬೆಳೆದಾಗ ಬಿಚ್ಚಲೆಂದು ಸಮವಸ್ತ್ರಕ್ಕೆ ಮಾಡುವಂತೆ ಅಂಚನ್ನು ಅಗಲವಾಗಿ ಒಳಮಡಚಿಬಿಟ್ಟಿದ್ದರು. ಕಾಲು ದಪ್ಪ ಕಾಣುತ್ತದೆಂದು ನಿರ್ದೇಶಕ ಮೊದಲ ದಿನವೇ ಸಿಡುಕಿದ್ದ.

“ಮಡಚಬೇಡಿ ಅಂತ ಹೇಳಿದ್ದ. ಹೂಂ ಅಂದಿದ್ದೆ. ಮಕ್ಕಳ ಅಳತೆ ಅಂದ್ರೆ ಕೈ ತಾನಾಗೇ ಮಡಚುತ್ತೆ, ಏನ್ಮಾಡ್ಲಿ?” ಎಂದು ಅವರು ನಗುತ್ತಾರೆ.

ಬಲಗಾಲಿನ ಕೊನೆಯ ದಾರ ಕಳಚಿ, ಇಸ್ತ್ರಿ ಆಡಿದೊಡನೆ ಹೊಸ ತಲೆನೋವು. ಪ್ರತಿ ಚಿತ್ರೀಕರಣದ ನಂತರ ಒಗೆದು ತಾರಸಿಯಲ್ಲಿ ಒಣಹಾಕಿದ ಉಡುಪು ಬೂದುಬಣ್ಣಕ್ಕೆ ತಿರುಗಿದೆ. ಬಿಸಿಲು ಕಾಣದ ಮಡಿಕೆ ಮಾತ್ರ ಅಚ್ಚ ನೀಲಿ, ಕಾಲಿಗೆ ಬಳೆ ತೊಡಿಸಿದ ಹಾಗೆ.

“ಮುಗೀತು! ಮಲಗಿ ಎದ್ದವಳ ಪ್ಯಾಂಟು ಹೇಗೆ ಉದ್ದ ಆಯ್ತು ಅಂತ ಎಲ್ರೂ ಕೇಳ್ತಾರೆ ಅತ್ತೆ!”

“ಅಲ್ವೋ, ನಿನ್ನ ಆಕಾಶದಲ್ಲಿ ಮಕ್ಕಳು ಬೆಳೆಯೋದೇ ಇಲ್ವಾ?”

ರೇಗಿಸಲೆಂದು ಆಡಿದ ಮಾತು. ಅವನು ಮಾತ್ರ ನೀಲಿ ಪಟ್ಟಿಯನ್ನೇ ದಿಟ್ಟಿಸುತ್ತಾನೆ. ಮರುಕ್ಷಣ ಅವನೆದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳುತ್ತದೆ.

“ಪೆಟ್ಟಿಗೆ ಬೇಡ! ನಿದ್ದೇನೇ ಬೇಡ! ಇಷ್ಟು ವರ್ಷ ಎದ್ದೇ ಇದ್ಲು, ಒಬ್ಳೇ ಬೆಳೆದ್ಲು. ಅತ್ತೆ, ಎಡಗಾಲು ಮುಟ್ಟಬೇಡಿ! ಅದನ್ನ ಗುಬ್ಬಿ ಕ್ಯಾಮೆರಾ ಮುಂದೆ ಬಿಚ್ಚಲಿ!”

ಗುಬ್ಬಿ ಕುಣಿಯುತ್ತಾಳೆ. ಮಂಡಿ ಬಗ್ಗಿಸುವುದು ತಪ್ಪಿತಲ್ಲ!

ಹನ್ನೊಂದು ಗಂಟೆಗೆ ತಗಡಿನ ನೌಕೆಯೊಳಗೆ ಕೆಂಪು ದೀಪ ಮಿನುಗುತ್ತಿದೆ. ಅತ್ತೆ ಹೇಳಿಕೊಟ್ಟಂತೆ ಗುಬ್ಬಿ ಸೂಜಿಯ ತುದಿಯಿಂದ ಒಂದೊಂದೇ ಹೊಲಿಗೆ ಎಬ್ಬಿಸುತ್ತಾಳೆ. ನೀಲಿ ಪಟ್ಟಿ ಇಳಿಯುತ್ತದೆ. ಅವಳು ಅದನ್ನು ಅಂಗೈಯಿಂದ ಸವರಿ, ಕಿಟಕಿಯಾಚೆಯ ಕಪ್ಪು ಪರದೆಯನ್ನು ನೋಡುತ್ತಾಳೆ. ಕ್ಯಾಮೆರಾದ ಹಿಂದೆ ನಿಂತ ಅತ್ತೆಯ ಬೆರಳುಗಳೂ ಅವಳ ಜೊತೆಗೇ ಆಡುತ್ತವೆ.

“ನನ್ನ ಹೆಸರು ಹಾಕದಿದ್ರೂ ಪರವಾಗಿಲ್ಲ,” ಎನ್ನುತ್ತಾರೆ ಅವರು. “ಆ ನೀಲಿನ ಹತ್ತಿರದಿಂದ ತೋರಿಸಲಿ.”

ಕಾಲಿಗೆ ಬಿಚ್ಚಿಕೊಟ್ಟದ್ದು ನಾಲ್ಕು ಸೆಂಟಿಮೀಟರ್. ಅತ್ತೆ ಮತ್ತೆ ಒಳಮಡಚಿದ ಹೊಸ ಅಂಚಿನೊಳಗೆ ಇನ್ನೂ ಎರಡೂವರೆ ಸೆಂಟಿಮೀಟರ್ ಬಟ್ಟೆ ಉಳಿದಿದೆ.