ಮಂಚದ ಪೆಟ್ಟಿಗೆಯೊಳಗಿನ ಬಾಟ್ಲಿ

"ನಾನು ಗೆರೆ ಎಳೆದ ಬಾಟ್ಲಿಯಿಂದ ಒಂದು ಹನಿ ಇಳಿದ್ರೂ ಅದು ಯಾರ ಗಂಟಲಿಗೆ ಹೋಯ್ತು ಅಂತ ನಿಂತಲ್ಲೇ ಹೇಳ್ತೇನೆ" ಎಂಬುದು ದೇವದಾಸನ ಜಂಬ. ಮುಂಬೈ ಪಕ್ಕದ ಠಾಣೆಯ ಬಾರೊಂದರಲ್ಲಿ ಮೂವತ್ತು ವರ್ಷ ಕ್ಯಾಪ್ಟನ್, ಅಂದರೆ ವೇಟರುಗಳ ಮೇಲಿನವನು, ಆಗಿದ್ದವನು. ಬಾಗಿಲು ಹಾಕುವ ಮುಂಚೆ ಪ್ರತಿ ಬಾಟ್ಲಿಯ ಮೇಲೂ ಮದ್ಯದ ಮಟ್ಟಕ್ಕೆ ಸರಿಯಾಗಿ ಗೆರೆ ಎಳೆಯುವುದು, ಮರುದಿನ ಮೊದಲು ಗೆರೆ ನೋಡಿ ಆಮೇಲೆ ವೇಟರುಗಳ ಮುಖ ನೋಡುವುದು ಅವನ ಕಸುಬು. ಠಾಣೆಯ ಕೆರೆಯಲ್ಲಿ ಎಮ್ಮೆಯೊಂದು ಬಾಯಿ ಹಾಕಿದರೆ ನೀರು ಎಷ್ಟು ಪೆಗ್ ಇಳಿಯಿತೆಂದು ದಡದಲ್ಲೇ ಹೇಳಿಬಿಡುತ್ತಿದ್ದ. ಎಮ್ಮೆ ಯಾರದೆಂಬುದನ್ನೂ ಸೇರಿಸಿ. ಸ್ವತಃ ಮಾತ್ರ ಒಂದು ತೊಟ್ಟೂ ಕುಡಿದವನಲ್ಲ.

೨೦೦೭ರಲ್ಲಿ ಕಂಪನಿಯ ಸೇಲ್ಸ್‌ಮನ್ ಒಬ್ಬ ನಾಸಿಕದ ಅಗ್ಗದ ಕೆಂಪು ವೈನು ಕೈಗಿಟ್ಟು, "ಕತ್ತಲಲ್ಲಿ ಅಡ್ಡ ಮಲಗಿಸಿಡಿ ಶೇಟ್, ವರ್ಷ ಹೋದಷ್ಟೂ ಅಮೃತ" ಎಂದ. ಡೊಂಬಿವಲಿಯ ಒಂದು ಕೋಣೆ, ಒಂದು ಹಾಲ್‌ನ ಫ್ಲ್ಯಾಟಿನಲ್ಲಿ ನೆಲಮಾಳಿಗೆ ಎಲ್ಲಿಂದ ಬರಬೇಕು? ಹೆಂಡತಿ ವಿಮಲಾ ಮಲಗುವ ಮಂಚದ ಪೆಟ್ಟಿಗೆಯೊಳಗೆ, ಹಳೆ ರಜಾಯಿಗಳ ನಡುವೆ ಬಾಟ್ಲಿಗೂ ಹಾಸಿಗೆಯಾಯಿತು. ಮಲಗಿಸುವ ಮುಂಚೆ ಮಗಳು ತೃಪ್ತಿಯ ನೇಲ್ ಪಾಲಿಶಿನಿಂದ ಬಾಟ್ಲಿಯ ಕತ್ತಿಗೆ ಒಂದು ಗೆರೆ ಬಿತ್ತು. ಗೆರೆ ಉಂಟಲ್ಲ ಎಂಬ ಧೈರ್ಯಕ್ಕೆ ಆಮೇಲೆ ಅದನ್ನು ಎಬ್ಬಿಸಲೇ ಇಲ್ಲ.

ಎಂಟನೆಯ ವರ್ಷ ಎಬ್ಬಿಸಿ ನಿಲ್ಲಿಸಿ ನೋಡುತ್ತಾನೆ, ವೈನು ಗೆರೆಯಿಂದ ಒಂದು ಬೆರಳು ಕೆಳಗೆ! ಸೀಲು ಹಾಗೇ ಇದೆ. ಅಲ್ಲಿಗೆ ದೇವದಾಸನ ಸಂಶಯ ಹತ್ತು ಪಟ್ಟಾಯಿತು. ಸೀಲು ಒಡೆಯದೆ ಕುಡಿಯುವವನು ಓದಿದ ಕಳ್ಳನೇ ಇರಬೇಕು. ಮನೆಗೆ ಬಂದುಹೋಗುವವರಲ್ಲಿ ಅಷ್ಟು ಓದಿದವನು ಅಳಿಯ ಜಯೇಶ್ ಒಬ್ಬನೇ. ಕಾರ್ಖಾನೆಗಳೇ ತುಂಬಿದ ಎಂಐಡಿಸಿಯ ಕೆಮಿಕಲ್ ಲ್ಯಾಬಿನಲ್ಲಿ ಕೆಲಸ, ಕೈಯಲ್ಲಿ ಸದಾ ಸೂಜಿ, ನಳಿಗೆ. ಊಟದ ನಡುವೆ, "ನಿಮ್ಮ ಲ್ಯಾಬಲ್ಲಿ ಸಿರಿಂಜ್ ಉಂಟಲ್ಲ ಜಯೇಶಾ?" ಎಂದು ಕೇಳಿಯೇಬಿಟ್ಟ. ಅಳಿಯ ತಟ್ಟೆಯಲ್ಲೇ ಕೈತೊಳೆದು ಎದ್ದವನು ವರ್ಷವಾದರೂ ಮಾವನ ಮನೆಯ ಅನ್ನ ಮುಟ್ಟಲಿಲ್ಲ. ತೃಪ್ತಿ ಒಬ್ಬಳೇ ಬಂದು ಒಬ್ಬಳೇ ಹೋಗುತ್ತಿದ್ದಳು.

"ಅವನ ಎದುರೇ ಆ ಬಾಟ್ಲಿ ತೆರೆಯಿರಿ. ಅವ ಕಳ್ಳ ಅಲ್ಲಾಂತ ಆದ್ರೆ ಬಾಯಿಬಿಟ್ಟು ತಪ್ಪಾಯ್ತು ಅನ್ಬೇಕು" ಎಂದು ವಿಮಲಾ ಹಟ ಹಿಡಿದಳು. ಒಂದು ಭಾನುವಾರ ಮಧ್ಯಾಹ್ನ ಕೋರಿ ರೊಟ್ಟಿ ಮಾಡಿ, ಮಗಳ ಕೈಯಲ್ಲಿ ಹೇಳಿಸಿ ಅಳಿಯನನ್ನು ಕರೆಸಿದಳು. ಅವನು ಬಂದ, ತಟ್ಟೆ ಮುಟ್ಟದೆ ಕುಳಿತ.

ದೇವದಾಸ ಬಿರಡೆ ಎಳೆದು ಸ್ಟೀಲ್ ಲೋಟಕ್ಕೆ ಬಗ್ಗಿಸಿದ. ಬಣ್ಣ ಇಟ್ಟಿಗೆಯದು. ಮೂಸಿದ, ಒಣದ್ರಾಕ್ಷಿಯ ಹಳೆ ಡಬ್ಬದ ವಾಸನೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಗುಟುಕು ಬಾಯಿಗೆ ಹೋಯಿತು. ತೆಳ್ಳಗೆ, ಹುಳಿ ಹುಳಿ, ಕೊನೆಯಲ್ಲಿ ಇದ್ದೂ ಇಲ್ಲದಂಥ ಸಿಹಿ. ಕಣ್ಣು ಕಿರಿದಾಯಿತು.

"ಇದು ಪುನರ್ಪುಳಿ ಹಣ್ಣಿನ ಶರಬತ್ತು! ವಿಮಲಾ, ವೈನು ಕುಡಿದು ಇದನ್ನು ತುಂಬಿಸಿದ್ದು ನೀನಾ?"

"ನನ್ನ ಪುನರ್ಪುಳಿ ಇಷ್ಟು ಹಾಳಿದ್ರೆ ಮೂವತ್ತು ವರ್ಷ ಲೋಟ ನೆಕ್ಕುತ್ತಿದ್ರಾ ನೀವು?"

ಜಯೇಶ್ ಬಿರಡೆ ಎತ್ತಿ ಬೆಳಕಿಗೆ ಹಿಡಿದ. "ದೇಖೋ ಮಾವ, ಸೂಜಿ ತೂತು ಎಲ್ಲುಂಟು? ಕೆಂಪು ಕಲೆ ಮೇಲಿನ ತನಕ ಹತ್ತಿದೆ. ಬಿರಡೆ ಉಸಿರಾಡ್ತದೆ. ನಮ್ಮ ಡೊಂಬಿವಲಿ ಸೆಕೆಗೆ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗಿದೆ, ಬಸ್, ಅಷ್ಟೇ."

ದೇವದಾಸ ಬಿರಡೆಯನ್ನು ತಿರುಗಿಸಿದ, ಉಗುರಿನಿಂದ ಕೆರೆದ, ಕನ್ನಡಕ ಹಾಕಿ ನೋಡಿದ, ತೆಗೆದೂ ನೋಡಿದ. ತೂತು ಸಿಗಲಿಲ್ಲ. ಬಾರಿನಲ್ಲಿ ಅವನು ಅಳೆದದ್ದೆಲ್ಲ ವಾರದೊಳಗೆ ಖಾಲಿಯಾಗುವ ವಿಸ್ಕಿ, ರಮ್ಮು. ಬಿರಡೆಯ ಗುಣ ಅವನಿಗೆ ಹೇಳಿದವರಾದರೂ ಯಾರು?

"ತಪ್ಪಾಯ್ತು ಜಯೇಶಾ. ಊಟ ಮಾಡು."

ಜಯೇಶ್ ಮಾವನನ್ನೊಮ್ಮೆ ನೋಡಿ, ತಟ್ಟೆ ಹತ್ತಿರ ಎಳೆದುಕೊಂಡು ರೊಟ್ಟಿ ಮುರಿದ. ತೃಪ್ತಿ ಕೋಳಿ ಸಾರು ಬಡಿಸಲು ಓಡಿದಳು.

ವಿಮಲಾ ಸೊಂಟಕ್ಕೆ ಕೈಯಿಟ್ಟಳು. "ಸಾಕಾ? ಯಾರೂ ಕುಡೀಲಿಲ್ಲ, ಗಾಳಿಗೆ ಹೋದ್ದು. ಇನ್ನಾದ್ರೂ ಮನೆಯವರ ಮೇಲೆ ಸಂಶಯ ಬಿಡಿ."

"ಯಾವ ಗಾಳಿ ಮಾರಾಯ್ತಿ?" ಎಂದ ದೇವದಾಸ. "ಎಂಐಡಿಸಿ ವಾಸನೆ ಅಂತ ಕಿಟಕಿ ಮುಚ್ಚಿ, ಒಂಬತ್ತು ವರ್ಷ ಆ ಮಂಚದ ಮೇಲೆ ಮಲಗಿ ವೈನಿನ ಆವಿಯನ್ನೆಲ್ಲ ಮೂಗಿನೊಳಗೆ ಎಳೆದುಕೊಂಡದ್ದು ಯಾರು? ನಾನಂತೂ ಹಾಲ್‌ನಲ್ಲಿ ಚಾಪೆ ಮೇಲೆ ಮಲಗಿದವ!"