ಬಾಸ್ ಹಾರಕ್ಕೆ ನೈಲಾನ್ ದಾರ

ಗುರು, ನಮ್ಮ ಫ್ಯಾನ್ಸ್ ಗ್ರೂಪಿನ ಮರ್ಯಾದೆ ಇವತ್ತು ಬೆಳಗ್ಗೆ ಚಿತ್ರದುರ್ಗದ ರೋಡಲ್ಲೇ ಹೋಯ್ತು. ನಿನ್ನೆ ಬಾಸ್ ಸಿನಿಮಾ ರಿಲೀಸ್ ಅಂತ ಕಟೌಟ್‌ಗೆ ಮೂವತ್ತಡಿ ಚೆಂಡುಹೂವಿನ ಹಾರ ಹಾಕಿದ್ವಿ. ಇವತ್ತು ಅದನ್ನ ಕಸದ ಗಾಡಿಗೆ ಹಾಕೋಕೆ ಹೊತ್ಕಂಡು ಹೋದ್ರೆ, ಗಾಡಿ ಅಕ್ಕ ಕೈ ಅಡ್ಡ ಹಿಡಿದ್ರು.

"ಹೂವು ಹಸಿ ಕಸ, ನೈಲಾನ್ ದಾರ ಒಣ ಕಸ. ಬಿಚ್ಚಿ ಕೊಡ್ರಿ."

"ಅಕ್ಕಾ, ಇದು ಬಾಸ್ ಹಾರ!" ಅಂದೆ.

"ಬಾಸೇ ತಂದ್ರೂ ಬಿಚ್ಚೇ ಕೊಡ್ಬೇಕಪ್ಪ. ಈ ಹಸಿ ಕಸದ ಗೊಬ್ಬರ ಮದಕರಿಪುರದಾಗೆ ನಮ್ಮಣ್ಣನ ಹೊಲಕ್ಕೆ ಹೋಗ್ತೈತೆ. ಹೋದ್ಸಲ ಗೊಬ್ಬರದಾಗೆ ಸೇರಿದ್ದ ಇಂಥದೇ ದಾರ ನುಂಗಿ ಅವ್ನ ಹಸ ಸಾಯೋ ಹಂಗಾಗಿತ್ತು."

ಹಾರ ಅಲ್ಲೇ ಕೆಳಗಿಳಿಸಿದ್ವಿ. ಎಂಟು ಜನ ಫುಟ್‌ಪಾತಲ್ಲಿ ಕುಂತ್ಕಂಡು ಹೂವು ಬಿಡಿಸಿದ್ವಿ. ದಾರೀಲಿ ಹೋಗ್ತಿದ್ದ ಅಜ್ಜಿ, "ಮೊಳ ಎಷ್ಟಪ್ಪಾ?" ಅಂದ್ರು. ನಾವು ಕಟ್ಟೋರಲ್ಲ, ಬಿಚ್ಚೋರು ಅಂತ ಹೆಂಗೆ ಹೇಳೋದು?

ಅಕ್ಕ ಪಕ್ಕದ ಬೀದಿ ಮುಗಿಸ್ಕಂಡು ವಾಪಸ್ ಬಂದ್ರು. ಹೂವಲ್ಲಿ ಕೈಯಾಡಿಸಿ, ಉಳಿದಿದ್ದ ಒಂದೆಳೆ ದಾರ ಎತ್ತಿ ನನ್ನ ಕೈಗಿಟ್ಟು, ಆಮೇಲೆ ಹೂವು ಗಾಡಿಗೆ ತಗಂಡ್ರು. ಗಾಡಿ ಹೊರಟ ತಕ್ಷಣ ನಮ್ಮ ಹುಡುಗ್ರು ಎಲ್ಲಾ ಸೇರಿ "ಜೈ!" ಅಂತ ಕೂಗಿದ್ರು.

ಯಾರಿಗೆ ಅಂತ ಬಾಸ್ ಮಾತ್ರ ಕೇಳ್ಬಾರ್ದು.