ಬಾಗಿಲಿಗೆ ಅಡ್ಡ ಕುಳಿತ ಮಾಸ್ತರರು

ಮಹಾತ್ಮರನ್ನು ಗುಂಡಿಕ್ಕಿ ಕೊಂದ ವರ್ಷ ನನಗೆ ಹನ್ನೊಂದು ತುಂಬಿತ್ತು. ರಾಮದುರ್ಗದಿಂದ ಚಕ್ಕಡಿಯಲ್ಲಿ ಅರ್ಧ ದಿನದ ದಾರಿ ನಮ್ಮೂರು, ಮಲಪ್ರಭೆಯ ದಂಡೆಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಅಂದು ಬಡಿಗೆ ಹಿಡಿದು ಬಂದವರ ಮಕ್ಕಳು, ಮೊಮ್ಮಕ್ಕಳು ಈಗ ಅಲ್ಲಿ ಮರ್ಯಾದೆಯಿಂದ ಬಾಳುತ್ತಿದ್ದಾರೆ. ಹಳೆಯ ಮಾತು ಅವರಿಗೆ ತಟ್ಟಬಾರದು.

ಅಪ್ಪ ಗೋವಿಂದರಾಯರು ಊರ ಕುಲಕರ್ಣಿ. ಮನೆಯಲ್ಲಿ ಅಪ್ಪ, ಅವ್ವ, ಮಡಿ ಹೆಂಗಸಾದ ಅಜ್ಜಿ, ನಾನು. ಮನೆಯ ಎದುರಿಗೇ ಊರಿನ ಸಿಹಿನೀರಿನ ಬಾವಿ. ಊರಾಚೆಯ ಕೇರಿಯಲ್ಲಿ ಸಮುವೇಲಪ್ಪ ಎಂಬ ಕ್ರೈಸ್ತ ಮಾಸ್ತರರು ಪಾದ್ರಿಗಳ ಕಡೆಯಿಂದ ಒಂದು ಚಿಕ್ಕ ಸಾಲಿ ನಡೆಸುತ್ತಿದ್ದರು. ಅವರ ಮನೆಯ ಪಡಸಾಲೆಯೇ ಸಾಲಿ. ಹೆಂಡತಿ ರೂತವ್ವ. ಅವರಿಗೆ ಮಕ್ಕಳಿರಲಿಲ್ಲ.

ಹಿಂದಿನ ಬೇಸಿಗೆಯಲ್ಲಿ ರೂತವ್ವ ಜ್ವರದಿಂದ ಎದ್ದು, ಹೊಳೆಯ ತನಕ ನಡೆಯಲಾಗದೆ ಕೊಡ ಹಿಡಿದು ನಮ್ಮ ಬಾವಿಗೆ ಬಂದಿದ್ದಳು. ಅಪ್ಪ ಕಟ್ಟೆಯ ಮೇಲಿಂದ ಅವಳನ್ನು ಇಳಿಸಿದರು. ಬೈಯಲಿಲ್ಲ, ದನಿ ಏರಿಸಲಿಲ್ಲ. "ಈ ಬಾವಿ ನಿಮ್ಮದಲ್ಲ, ಇಳೀರಿ" ಎಂದಷ್ಟೇ ಹೇಳಿದರು. ಅವಳು ಖಾಲಿ ಕೊಡ ಹೊತ್ತು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಹೋದದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ.

ಮಹಾತ್ಮರ ಸುದ್ದಿ ರಾಮದುರ್ಗಕ್ಕೆ ಹೋಗಿ ಬಂದವರ ಬಾಯಿಂದ ನಮ್ಮೂರಿಗೆ ಮುಟ್ಟಿತು. ಅಪ್ಪ ಆ ದಿನ ಊಟ ಮಾಡಲಿಲ್ಲ. ಕೊಂದವನು ನಮ್ಮ ಜಾತಿಯವನೆಂಬ ಮಾತು ಅದರ ಬೆನ್ನಿಗೇ ಬಂತು. ಸುತ್ತಲಿನ ಕೆಲವು ಊರುಗಳಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಇಡುತ್ತಿದ್ದಾರೆಂದು ಕೇಳಿದಾಗಲೂ, ನಮ್ಮೂರಲ್ಲಿ ಹಾಗಾಗದು ಎಂದೇ ಅಪ್ಪ ನಂಬಿದ್ದರು. ಒಂದು ಮಧ್ಯಾಹ್ನ ದೂರದಿಂದ ಗದ್ದಲ ಕೇಳಿಸಿತು. ಅಕ್ಕಪಕ್ಕದ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅವರದು ತಪ್ಪು ಎನ್ನಲಾರೆ. ಅವರಿಗೂ ಮಕ್ಕಳು ಮರಿ ಇದ್ದರು.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಸಮುವೇಲಪ್ಪ ಮಾಸ್ತರರು ನಿಂತಿದ್ದರು. ಓಡಿ ಬಂದು ಏದುಸಿರು ಬಿಡುತ್ತಿದ್ದರು.

"ರಾಯರ, ಮಂದಿ ಊರ ಅಗಸಿ ಬಾಗಲಾ ದಾಟೇತಿ. ಹಿಂಗ ಹಿತ್ತಲದಿಂದ ಬರ್ರಿ, ನಮ್ಮ ಮನಿಗೆ ಹೋಗೂಣು."

"ನಿಮ್ಮ ಮನಿಗಾ?" ಅಂದರು ಅಪ್ಪ.

"ಹೌದ್ರಿ. ಬ್ಯಾರೆ ಯಾರೂ ಬಾಗಲಾ ತಗದಿಲ್ಲ."

ಅಜ್ಜಿ ದೇವರ ಕೋಣೆಯಿಂದ ಏಳಲಿಲ್ಲ. "ನಾ ಒಲ್ಲೆ. ಇಲ್ಲೇ ಕೂತು ಸಾಯತೇನಿ. ಆ ಕೇರಿಗೆ ಕಾಲಿಡೂದಿಲ್ಲ" ಅಂದಳು. ಅವ್ವ ಅಳುತ್ತ, "ಅತ್ಯಾ, ಈ ಹುಡುಗಿ ಮುಖಾ ನೋಡ್ರಿ" ಎಂದು ನನ್ನನ್ನು ಅವಳ ಮುಂದೆ ನಿಲ್ಲಿಸಿದಳು. ಆಗ ಮಾಸ್ತರರು ತಮ್ಮ ಕೈಯ ಕೋಲನ್ನು ಹೊಸ್ತಿಲಾಚೆಯಿಂದ ಚಾಚಿದರು.

"ಆಯಿ, ನೀವು ನನ್ನ ಮುಟ್ಟಬ್ಯಾಡ್ರಿ. ಕೋಲಿನ ಆ ತುದಿ ನೀವು ಹಿಡಕೋರಿ, ಈ ತುದಿ ನಾ ಹಿಡೀತೇನಿ."

ಅಜ್ಜಿ ಒಂದು ಕ್ಷಣ ಅವರ ಮುಖ ನೋಡಿ ಕೋಲು ಹಿಡಿದಳು. ಜೋಳದ ಹೊಲಗಳ ನಡುವೆ ಬಾಗಿಕೊಂಡು ನಾವೆಲ್ಲ ಅವರ ಮನೆ ಸೇರಿದೆವು. ಒಳಗಿನ ಕೋಣೆಗೆ ಹೋಗಿ ಕುಳಿತಾಗ ಮೇಲಿನ ಬೆಳಕಿಂಡಿಯಲ್ಲಿ ಹೊಗೆ ಕಾಣಿಸಿತು. ನಮ್ಮ ಮನೆ ಉರಿಯುತ್ತಿತ್ತು.

ಗುಂಪು ಅಲ್ಲಿಗೂ ಬಂತು. ಯಾರೋ ನಮ್ಮನ್ನು ನೋಡಿ ಹೇಳಿರಬೇಕು. ಮಾಸ್ತರರು ಹೊರಗೆ ಹೋಗಿ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡರು. ನಮಗೆ ಪ್ರತಿ ಮಾತೂ ಕೇಳುತ್ತಿತ್ತು.

"ಮಾಸ್ತರ, ಕುಲಕರ್ಣಿ ನಿಮ್ಮ ಮನ್ಯಾಗ ಅದಾನೇನು?"

ಅವ್ವ ನನ್ನ ಕೈಯನ್ನು ನೋವಾಗುವಷ್ಟು ಹಿಡಿದಿದ್ದಳು. ಇಲ್ಲ ಎಂಬ ಒಂದು ಮಾತು ಸಾಕಿತ್ತು.

"ಅದಾರ" ಅಂದರು ಮಾಸ್ತರರು. "ನನ್ನ ಮನ್ಯಾಗನ ಅದಾರ."

"ಹೊರಗ ಕಳಸ್ರಿ."

"ಕಳಸೂದಿಲ್ಲ."

ಗದ್ದಲವೆದ್ದಿತು. ಅದರಲ್ಲಿ ನಮ್ಮೂರಿನ ಬಸಪ್ಪನ ದನಿ ಗುರುತು ಹತ್ತಿತು. "ಅವನ ಸಲುವಾಗಿ ನೀವ್ಯಾಕ ಸಾಯತೀರಿ? ನಿಮ್ಮ ಹೆಂಡತೀನ ಬಾವಿ ಮ್ಯಾಲಿಂದ ಇಳಿಸಿದಾಂವ ಅವನ ಅಲ್ಲೇನು?"

"ಹೌದು, ಇಳಿಸ್ಯಾರ. ಅದು ನನಗೂ ಅವರಿಗೂ ಇರೂ ಮಾತು. ನಾವ ಕುಂತು ಮಾತಾಡಿಕೋತೇವಿ. ಅದಕ್ಕ ನಿನ್ನ ಬಡಿಗಿ ಬ್ಯಾಡ."

ಆಮೇಲೆ ಏಟಿನ ಸದ್ದು. ಅವ್ವನ ಕೈ ಬಿಡಿಸಿಕೊಂಡು ಪಡಸಾಲೆಗೆ ಹೋಗಿ, ಮುಂಬಾಗಿಲ ಸಂದಿಯಿಂದ ನೋಡಿದೆ. ಬಸಪ್ಪನ ಬಡಿಗೆಯೇಟಿಗೆ ಮಾಸ್ತರರ ಬಲಗೈ ಜೋತು ಬಿದ್ದಿತ್ತು. ಅವರು ಹೊಸ್ತಿಲಿಗೆ ಅಡ್ಡಲಾಗಿ ಕುಳಿತುಬಿಟ್ಟರು. ಕಲ್ಲುಗಳು ಗೋಡೆಗೆ ಬಡಿಯುತ್ತಿದ್ದವು. ರೂತವ್ವ ಅಡುಗೆ ಮನೆಯಿಂದ ಬಂದು ಬಾಗಿಲು ಸರಿಸಿ ಹೊರಗೆ ಹೋದಳು, ಗಂಡನ ಮಗ್ಗುಲಿಗೆ ತಾನೂ ಕುಳಿತಳು. ಅದನ್ನು ನೋಡಿ ಕೇರಿಯ ಜನ, ಸಾಲಿಗೆ ಬರುವ ಮಕ್ಕಳ ತಾಯಿ ತಂದೆಯರು, ತಮ್ಮ ಗುಡಿಸಲುಗಳಿಂದ ಹೊರಬಂದು ಗೋಡೆಗುಂಟ ನಿಲ್ಲತೊಡಗಿದರು. ಗುಂಪಿನಲ್ಲಿದ್ದ ಪರ ಊರಿನವರಿಗೆ ಇಷ್ಟು ಜನರ ಮೇಲೆ ಕೈ ಮಾಡುವುದು ಸರಿಬರಲಿಲ್ಲ. ಅವರಲ್ಲಿ ಹಿರಿಯನೊಬ್ಬ, "ಸಾಕು ನಡೀರಿ. ಈ ಮಾಸ್ತರನ್ನ ಕೊಂದು ಏನು ಮಾಡೂದೈತಿ" ಅಂದ. ಗುಂಪು ನಿಧಾನವಾಗಿ ಕರಗಿತು.

ಸಂಜೆ ಕೇರಿಯವರೊಬ್ಬರು ಬಿದಿರ ಸೀಳು ಇಟ್ಟು ಮಾಸ್ತರರ ಕೈ ಕಟ್ಟಿದರು. ಅಜ್ಜಿ ಅವ್ವನನ್ನು ಕರೆದು ಅರಿಶಿನದ ಪಟ್ಟು ಹಾಕುವ ಬಗೆ ಹೇಳಿಕೊಟ್ಟಳು. ಆದರೆ ಆ ಮನೆಯ ನೀರು ಮಾತ್ರ ಮುಟ್ಟಲಿಲ್ಲ. ದೀಪ ಹಚ್ಚಿದ ಮೇಲೆ ಗಂಡ ಹೆಂಡತಿ ಪಡಸಾಲೆಯಲ್ಲಿ ಮೊಣಕಾಲೂರಿದರು. ನಾವು ನಿದ್ದೆ ಹೋಗಿದ್ದೇವೆಂದು ಅವರು ತಿಳಿದಿರಬೇಕು. ಮಾಸ್ತರರು ಸಣ್ಣ ದನಿಯಲ್ಲಿ, ಯಾರೋ ಎದುರಿಗೆ ಕುಳಿತಿದ್ದಾರೆಂಬಂತೆ ಮಾತಾಡಿದರು.

"ತಂದೆ, ಇವತ್ತ ನಮ್ಮನ್ನೆಲ್ಲಾ ಕಾಯ್ದಿ. ಬಸಪ್ಪನ ಮ್ಯಾಲ ನನಗ ಸಿಟ್ಟಿಲ್ಲ, ನೀನೂ ಸಿಟ್ಟಾಗಬ್ಯಾಡ. ಕಲ್ಲ ಒಗದವರ ಮ್ಯಾಲೂ ಇಲ್ಲ. ಆದ್ರ ಗೋವಿಂದರಾಯರನ್ನ..." ಇಷ್ಟು ಹೇಳಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡರು. "ಗೋವಿಂದರಾಯರನ್ನ ಕ್ಷಮಿಸೂದು ನನಗ ಇನ್ನೂ ಆಗವಲ್ದು. ಇಕೀ ಕಣ್ಣೀರು ನನ್ನ ಎದ್ಯಾಗ ಕುಂತೈತಿ. ಅದನ್ನ ನೀನ ತಗೀಬೇಕು."

ಅಪ್ಪ ನನ್ನ ಪಕ್ಕದಲ್ಲಿ ಮಲಗಿದ್ದರು. ಅವರೂ ಎಚ್ಚರವಾಗಿದ್ದರು. ಕೈ ಮುರಿದವನನ್ನು ಅದೇ ದಿನ ಕ್ಷಮಿಸಿದ ಮನುಷ್ಯ, ಯಾರಿಗಾಗಿ ಕೈ ಮುರಿಸಿಕೊಂಡರೋ ಅವರನ್ನು ಇನ್ನೂ ಕ್ಷಮಿಸಿರಲಿಲ್ಲ. ಕ್ಷಮಿಸದೆಯೇ ಬಾಗಿಲಿಗೆ ಅಡ್ಡ ಕುಳಿತಿದ್ದರು.

ಬೆಳಗಾಗುತ್ತಲೇ ಅಪ್ಪ ಎದ್ದು ರೂತವ್ವನ ಮುಂದೆ ನಿಂತರು. "ಕೊಡಾ ತಗೋರಿ, ನೀರು ತರೂಣು."

"ಹೊಳಿಗೆ ನಾನ ಹೋಗತೇನ್ರಿ, ರಾಯರ. ನೀವು ಹೊರಗ ಬರಬ್ಯಾಡ್ರಿ."

"ಹೊಳಿಗಲ್ಲ. ಬಾವಿಗೆ."

ರೂತವ್ವ ಗಂಡನ ಕಡೆ ನೋಡಿದಳು. ಅವರು ತಲೆ ಬಗ್ಗಿಸಿದರು. ಅವಳು ಕೊಡ ಎತ್ತಿಕೊಂಡಳು. ಅವ್ವ ಬೇಡವೆಂದರೂ ನಾನು ಹಿಂದೆಯೇ ಹೋದೆ. ನಮ್ಮ ಮನೆಯ ತೊಲೆಗಳು ಇನ್ನೂ ಹೊಗೆಯಾಡುತ್ತಿದ್ದವು. ಅಪ್ಪ ಅತ್ತ ನೋಡಲಿಲ್ಲ. ಕಟ್ಟೆಯ ಕೆಳಗೆ ನಿಂತು, "ಹತ್ರಿ" ಅಂದರು. ರೂತವ್ವ ಕಟ್ಟೆ ಏರಿ ಹಗ್ಗ ಬಿಟ್ಟಳು. ಅರೆ ತೆರೆದ ಬಾಗಿಲುಗಳಿಂದ ಜನ ನೋಡುತ್ತಿದ್ದರು, ಯಾರೂ ತಡೆಯಲಿಲ್ಲ. ಅವಳು ಕೊಡ ತುಂಬಿ ಇಳಿದಾಗ ಅಪ್ಪ ಕೈ ಮುಗಿದರು.

ಪೊಲೀಸರು ಬಂದ ಮೇಲೆ ನಾವು ಬೈಲಹೊಂಗಲಕ್ಕೆ ಹೋದೆವು. ಅಪ್ಪ ಅಲ್ಲಿ ಅರಳೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತರಾದರು. ಅವರು ಪೂರ್ತಿ ಬದಲಾದರೆಂದು ಬರೆದರೆ ಸುಳ್ಳಾದೀತು. ಜಾತಿಯ ಕಟ್ಟು ಅವರನ್ನು ಕೊನೆಯವರೆಗೂ ಪೂರ್ತಿ ಬಿಡಲಿಲ್ಲ. ಆದರೆ ವರ್ಷಕ್ಕೊಮ್ಮೆ, ಮಾಸ್ತರರ ದೊಡ್ಡ ಹಬ್ಬವಾದ ಕ್ರಿಸ್ಮಸ್ ದಿನ, ಬಸ್ಸು ಹತ್ತಿ ಹೋಗಿ ಅವರ ಪಡಸಾಲೆಯಲ್ಲಿ ಕುಳಿತು ಬರುತ್ತಿದ್ದರು.

ಏಳೆಂಟು ವರ್ಷಗಳ ನಂತರ ನಾನೂ ಶಿಕ್ಷಕಿಯಾದೆ. ಆ ದಿನಗಳಲ್ಲೊಮ್ಮೆ ಸವದತ್ತಿಯ ಬಸ್ ನಿಲ್ದಾಣದಲ್ಲಿ ಮಾಸ್ತರರು ಸಿಕ್ಕರು. ಬಲಗೈ ಹೆಗಲಿಗಿಂತ ಮೇಲಕ್ಕೆ ಏಳುತ್ತಿರಲಿಲ್ಲ, ಹಲಗೆಯ ಮೇಲೆ ಎಡಗೈಯಲ್ಲಿ ಬರೆಯುವುದನ್ನು ರೂಢಿಸಿಕೊಂಡಿದ್ದರಂತೆ. ಅಂದು ರಾತ್ರಿಯ ಪ್ರಾರ್ಥನೆ ನಾವು ಕೇಳಿಸಿಕೊಂಡಿದ್ದೆವೆಂದು ಹೇಳಿದೆ. ಅವರು ನಾಚಿಕೊಂಡರು.

"ಅಪ್ಪನ ಮ್ಯಾಲ ಅಷ್ಟು ಸಿಟ್ಟಿತ್ತು. ಮತ್ತ ಕರಕೊಂಡು ಹೋಗಲಿಕ್ಕೆ ಯಾಕ ಬಂದ್ರಿ?" ಎಂದು ಕೇಳಿದೆ.

"ನಾ ಯೇಸುವಿನ ಶಿಷ್ಯ ಅಂತ ಊರಿಗೆಲ್ಲಾ ಹೇಳಿಕೊಂಡು ಅಡ್ಡ್ಯಾಡತಿದ್ದೆ, ತಂಗಿ. ಅಂಥಾ ಹೊತ್ತಿನ್ಯಾಗ ಬಾಗಲಾ ಹಾಕ್ಕೊಂಡು ಹ್ಯಾಂಗ ಕುಂದ್ರಲಿ? ಸಿಟ್ಟು ಹೋದ ಮ್ಯಾಲ ಬರತೇನಂದ್ರ ನಿಮ್ಮ ಜೀವ ಉಳೀತಿರಲಿಲ್ಲ. ಕಾಲು ಮದಲ ಹೋದವು. ಮನಸು ಹಿಂದಿಂದ ಬಂತು, ಭಾಳ ತಡಾ ಮಾಡಿ ಬಂತು."

ಮಾಸ್ತರರೂ ರೂತವ್ವನೂ ಈಗಿಲ್ಲ. ನಾನು ಹುಟ್ಟಿದ ಧರ್ಮದಲ್ಲೇ ಇದ್ದೇನೆ, ದಿನವೂ ದೇವರಿಗೆ ದೀಪ ಹಚ್ಚುತ್ತೇನೆ. ಆಗ ಅವರ ನೆನಪಾಗದ ದಿನ ಕಡಿಮೆ. ನನಗೂ ಕ್ಷಮಿಸಲಾಗದವರು ಇದ್ದಾರೆ. ಅವರಲ್ಲೊಬ್ಬಳು, ನನ್ನ ಸಂಸಾರವನ್ನೇ ಒಡೆಯಲು ನಿಂತಿದ್ದ ಹತ್ತಿರದ ಸಂಬಂಧಿ, ಕಳೆದ ವರ್ಷ ಹಾಸಿಗೆ ಹಿಡಿದಳು. ನೋಡಿಕೊಳ್ಳಲು ಯಾರೂ ಇರಲಿಲ್ಲ. ಅಂದಿನಿಂದ ದಿನವೂ ಅವಳಿಗೆ ಗಂಜಿ ಕಾಯಿಸಿ ಒಯ್ಯುತ್ತೇನೆ. ಮನಸ್ಸು ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ.